ಓದುವ ಹುಡುಗಿ

ಅಪ್ಪನ ಗೆಳೆಯರೂ ಶಾಲೆಯ ಟ್ರಸ್ಟಿನ ಕಾರ್ಯದರ್ಶಿಯೂ ಆದ ಪ್ರಲ್ಹಾದರಾಯರು ಫೋನು ಇಟ್ಟ ಮೇಲೂ ಅಂಬಾ ತನ್ನದನ್ನು ಕಿವಿಗೇ ಹಿಡಿದುಕೊಂಡು ನಿಂತಿದ್ದಳು. ತಾನು ಕೊನೆಯಲ್ಲಿ ಹೇಳಿದ್ದು ‘ಹೂಂ ಕಾಕಾ’ ಎಂದು. ಅದರ ಬೆನ್ನಿಗೆ ಒಂದು ‘ಆದರ...’ ಇತ್ತು, ಒಪ್ಪದ ಮಾತಿನ ಮೊದಲ ಶಬ್ದ. ಅದು ಗಂಟಲಿನ ತನಕ ಬಂದಿತ್ತು, ಅಷ್ಟರೊಳಗೆ ಆ ಕಡೆಯಿಂದ ‘ಹಂಗಾರ ಆತು, ಸಭಾದಾಗ ಭೆಟ್ಟಿಯಾಗೂಣು’ ಎಂಬ ಮಾತು ಬಂದು ಎಲ್ಲ ತೀರ್ಮಾನವಾಗಿಬಿಟ್ಟಿತ್ತು. ಈಗ ಪುಣೆಯ ಮಾರ್ಕೆಟ್ ಯಾರ್ಡಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಆ ‘ಆದರ’ ಅಲ್ಲೇ ಇತ್ತು, ನುಂಗಿದರೆ ಇಳಿಯದೆ, ಉಗುಳಿದರೆ ಬೀಳದೆ. ‘ಪುಢೇ ಸರ್ಕಾ ತಾಯೀ, ಪುಢೇ’ ಎಂದ ಕಂಡಕ್ಟರ್. ಮುಂದೆ ಜಾಗವಿರಲಿಲ್ಲ, ಆದರೂ ಅವಳು ಸರಿದಳು. ಯಾರದೋ ಟಿಫಿನ್ ಡಬ್ಬಿಯ ಮೂಲೆ ಪಕ್ಕೆಗೆ ಒತ್ತುತ್ತಿತ್ತು, ಒತ್ತಲು ಬಿಟ್ಟಳು. ಕಾಕಾ ಹೇಳಿದ್ದರಲ್ಲಿ ಒಂದಾದರೂ ಸುಳ್ಳಿದ್ದರೆ ಎಷ್ಟು ಚೆನ್ನಾಗಿತ್ತು. ‘ನಾ ಏನು ಕನ್ನಡದ ವೈರಿ ಅಲ್ಲವ್ವಾ. ಈ ಸಾಲಿ ಸಲುವಾಗಿ ಮುಂಬಯಿ ಆಫೀಸಿನ ಮೆಟ್ಟಲಾ ಹತ್ತಿ ಇಳಿದು ಮೊಣಕಾಲು ಸವಿಸಿಕೊಂಡಾಂವ. ಆದರ ಐದನೇ ಇಯತ್ತೆ ಹುಡುಗಗ ಎರಡನೇ ಇಯತ್ತೆ ಪಾಠ ಓದಲಿಕ್ಕೆ ಬರೂದಿಲ್ಲ ಅಂದ್ರ ಅದನ್ನ ಸಾಲಿ ಅನಬೇಕೋ, ಧರ್ಮಶಾಲಾ ಅನಬೇಕೋ?’ ಆ ಐದನೇ ಇಯತ್ತೆಗೆ ಕಲಿಸುವವಳು ತಾನೇ ಎಂಬುದು ಅವರಿಗೆ ಮರೆತಿತ್ತೋ, ನೆನಪಿದ್ದೇ ಅಂದರೋ. ಮರೆತಿದ್ದರೆ ಅವಮಾನ, ನೆನಪಿದ್ದರೆ ಇನ್ನೂ ಹೆಚ್ಚಿನದು.

ಕಟ್ಟಡ ಒಂದು, ಶಾಲೆ ಎರಡು. ಧಾರವಾಡದ ಕಡೆಯಿಂದ ಬಂದು ನೌಕರಿಯಲ್ಲಿ ನೆಲೆಯೂರಿದವರೂ ಕರಾವಳಿಯಿಂದ ಬಂದು ಹೋಟೆಲು ಇಟ್ಟವರೂ ಸೇರಿ ಎಂದೋ ಕಟ್ಟಿದ ಟ್ರಸ್ಟು; ಕೆಳಗಿನ ಮಜಲಿನಲ್ಲಿ ಒಂದರಿಂದ ಏಳರವರೆಗೆ ಕನ್ನಡ, ಮೇಲಿನ ಎರಡು ಮಜಲಿನಲ್ಲಿ ಇಂಗ್ಲಿಷು. ಕೆಳಗಿನವರ ಪಗಾರು ಸರಕಾರದ್ದು. ಹುಡುಗರ ಸಂಖ್ಯೆ ಇಳಿದರೆ ಅದೂ ಇಳಿಯುತ್ತದೆ. ಅಂಬಾಳಂತೆ ತಾತ್ಕಾಲಿಕವಾಗಿ ಸೇರಿದವರಿಗೆ, ವಿದ್ಯುತ್ತಿಗೆ, ನೀರಿಗೆ, ಕಂಪೌಂಡಿಗೆ ಬಳಿಯುವ ಬಣ್ಣಕ್ಕೆ ಮೇಲಿನವರ ಫೀಯೇ ಗತಿ. ಮೇಲೆ ಬೆಂಚು ಹಳತಾದರೆ ಕೆಳಗೆ ಬರುತ್ತದೆ. ಟ್ರಸ್ಟಿನ ಯಾರ ಮನೆಯ ಮಕ್ಕಳೂ ಕೆಳಗೆ ಓದಿದವರಲ್ಲ. ಅಲ್ಲಿ ಓದುವವರು ಇಂಡಿ, ಸಿಂದಗಿ, ಆಳಂದದ ಕಡೆಯಿಂದ ಯಾರ್ಡಿಗೆ ಮೂಟೆ ಹೊರಲು, ಉಳ್ಳಾಗಡ್ಡಿ ಆರಿಸಲು ಬಂದವರ ಮಕ್ಕಳು. ಈಗ ಟ್ರಸ್ಟು ಐದು, ಆರು, ಏಳನ್ನು ಮುಚ್ಚಿ ಆ ಕೋಣೆಗಳನ್ನು ಮೇಲಿನ ಶಾಲೆಗೆ ಕೊಡಬೇಕೆಂದಿತ್ತು. ಅದಕ್ಕೆ ಪಾಲಕರ ಸಭೆ ಒಪ್ಪಬೇಕು ಎಂದು ಇಲಾಖೆಯವರು ಅಂದಿದ್ದರು. ಇವತ್ತು ಕೈ ಎತ್ತಿದರೆ ಜೂನಿನಿಂದ ಹುಡುಗರು ರಸ್ತೆಯಾಚೆಯ ಕಾರ್ಪೊರೇಶನ್ನಿನ ಮರಾಠಿ ಶಾಲೆಗೆ ಹೋಗಬೇಕು. ಗಂಡುಹುಡುಗರು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಾರು. ಹುಡುಗಿಯರು ತಾಯಂದಿರ ಜೊತೆ ಉಳ್ಳಾಗಡ್ಡಿಯ ರಾಶಿಗೆ ಹೋಗುತ್ತಾರೆ ಎಂಬುದು ಅಂಬಾಳಿಗೆ ಗೊತ್ತಿತ್ತು, ಕಾಕಾರಿಗೂ ಗೊತ್ತಿತ್ತು. ಕೈ ಎತ್ತುವುದಿಲ್ಲ ಎಂಬ ಭಯ ಯಾರಿಗೂ ಇರಲಿಲ್ಲ. ಈ ಪಾಲಕರು ಪ್ರತಿ ಸಭೆಯಲ್ಲೂ ಕೈ ಎತ್ತುತ್ತಾರೆ, ಒಮ್ಮೆ ವಂದನಾರ್ಪಣೆಗೂ ಎತ್ತಿದ್ದರು. ಆದರೂ ಕಾಕಾ ನ್ಯಾಯಕ್ಕೆ ಅಂಜುವ ಮನುಷ್ಯ. ‘ಮೋಸ ಮಾಡಿ ಕೈ ಎತ್ತಿಸಿದ್ರು ಅನ್ನಬಾರದು. ನೀ ಒಂದು ಹುಡುಗನ್ನ ಎಬ್ಬಿಸಿ ನಿಲ್ಲಸು. ಅಂವ ಕಂಡಿರಲಾರದ ಪುಸ್ತಕ ಕೊಡು. ಓದಲಿ. ತಾಯಿತಂದಿ ತಮ್ಮ ಕಣ್ಣೀಲೆ ನೋಡ್ಲಿ. ಆಮ್ಯಾಲೆ ಅವರs ಹೇಳ್ಲಿ. ಮತ್ತ ಜೂನದಾಗ ಮ್ಯಾಲೆ ನಿನಗ ಒಂದು ಜಾಗಾ ಇಟ್ಟೀನಿ, ಅಪ್ಪಗೂ ಹೇಳೀನಿ.’

ಚೀಲದಲ್ಲಿ ಎರಡು ಪುಸ್ತಕಗಳಿದ್ದವು. ಒಂದು, ಮನೆಯ ಕಪಾಟಿನಿಂದ ತೆಗೆದ ಮಕ್ಕಳ ಕಥೆಯ ಪುಸ್ತಕ. ಇನ್ನೊಂದು ಐದನೆಯದರ ಪಠ್ಯ. ಎರಡಕ್ಕೂ ಅವಳೇ ಕಂದು ಕಾಗದ ಹಾಕಿದ್ದಳು. ಪಠ್ಯವನ್ನು ಯಾಕೆ ತಂದೆ ಎಂದು ಬಸ್ಸಿಳಿಯುವಾಗ ಕೇಳಿಕೊಂಡಳು. ದಿನಾ ತರುತ್ತೇನಲ್ಲ, ರೂಢಿ, ಎಂದು ಉತ್ತರ ಬಂತು. ಆ ಉತ್ತರ ಬಂದ ವೇಗ ಅವಳಿಗೆ ಹಿಡಿಸಲಿಲ್ಲ.

ಯಾರ್ಡಿಗೆ ರಜೆ ಇದ್ದ ದಿನ ನೋಡಿಯೇ ಸಭೆ ಇಟ್ಟಿದ್ದರು. ಲಾರಿಗಳಿಲ್ಲದ ರಸ್ತೆ ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತಿತ್ತು. ಧಾರವಾಡದಲ್ಲಿ ಸೋದರತ್ತೆಯ ಮನೆಯ ರಸ್ತೆಯೂ ಮಧ್ಯಾಹ್ನ ಹೀಗೇ ಇರುತ್ತಿತ್ತು. ಅಲ್ಲಿ ಅಂಗಡಿಯೊಂದರ ಬೋರ್ಡಿನ ಮುಂದೆ ನಿಲ್ಲಿಸಿ, ‘ಓದವಾ ಪುಣೇದಾಕಿ’ ಎಂದು ಅತ್ತೆಯ ಮಕ್ಕಳು ಅಂದಿದ್ದರು. ಅವಳು ಆಗ ಒಂಬತ್ತನೆಯ ಇಯತ್ತೆ, ಕಾನ್ವೆಂಟಿನಲ್ಲಿ ಇಂಗ್ಲಿಷ್ ಪ್ರಬಂಧಕ್ಕೆ ಬಹುಮಾನ ಪಡೆದವಳು. ಬೋರ್ಡಿನ ಅಕ್ಷರಗಳು ಜಿಲೇಬಿಗಳಂತೆ ಒಂದನ್ನೊಂದು ಕಚ್ಚಿಕೊಂಡು ಕೂತಿದ್ದವು. ಹಿಟ್ಟಿನ ಗಿರಣಿಯ ಸದ್ದು ಕೇಳಿ ‘ಹಿಟ್ಟಿನ ಗಿರಣಿ’ ಎಂದಳು. ಅದು ಪಕ್ಕದ ಅಂಗಡಿ. ಇದು ಕ್ಷೌರದ್ದು. ಅವರು ನಕ್ಕ ನಗೆಗೆ ಸಿಟ್ಟಿನಿಂದ ಕಲಿತಳು, ಕಾಲೇಜಿನಲ್ಲಿ ಕದ್ದು ಕಲಿತಳು, ಕಲಿತು ಕನ್ನಡದ ಪದವಿಯನ್ನೇ ಪಡೆದಳು. ಆದ್ದರಿಂದ, ಎಷ್ಟು ತಡವಾದರೂ ಅಕ್ಷರ ಬರುತ್ತದೆ ಎಂದು ಅವಳಿಗೆ ಗೊತ್ತಿರಬೇಕಿತ್ತು, ಬೇರೆ ಯಾರಿಗಿಲ್ಲದಿದ್ದರೂ ಅವಳಿಗೆ. ಗೊತ್ತಿದ್ದೂ ತಾನು ಮಾಡಿದ್ದೇನು? ಧ್ವನಿ ಇರುವ ಒಂದು ಹುಡುಗಿಯನ್ನು ಆರಿಸಿದೆ.

ಅದನ್ನು ಹೇಳಿಕೊಟ್ಟವರು ಮುಖ್ಯಾಧ್ಯಾಪಕಿ ಹರಿಣಾಕ್ಷಿ ಮೇಡಂ. ಅವಳು ಸೇರಿದ ಹೊಸತರಲ್ಲಿ ಇಲಾಖೆಯ ಸಾಹೇಬರು ಓದಿನ ತಪಾಸಣೆಗೆ ಬರುವವರಿದ್ದರು. ಅಂಬಾ ಬೆವರುತ್ತ ಕೂತಿದ್ದಾಗ ಮೇಡಂ ಚಹಾದಲ್ಲಿ ಖಾರಿ ಬಿಸ್ಕೀಟು ಅದ್ದುತ್ತ ಹೇಳಿದ್ದರು: ‘ಎಂತಕ್ಕೆ ಹೆದರುದು ಮಾರಾಯ್ತಿ? ಸಾಹೇಬರಿಗೆ ಕನ್ನಡ ಅಕ್ಷರ ಎಲ್ಲಿ ಬರ್ತದೆ? ಸ್ವರ ಇರುವ ಒಂದು ಹುಡುಗಿಗೆ ಒಂದು ಪಾಠ ಬಾಯಿಪಾಠ ಮಾಡಿಸಿ ಇಡು. ಪ್ರತಿ ಕ್ಲಾಸಿಗೆ ಒಬ್ಬಳು ಓದುವ ಹುಡುಗಿ ಇರ್ತಾಳೆ. ಮೊದಲಿಂದಲೂ ಉಂಟು.’ ಹಾಗೆ ಸಾಯಲಿ ಓದುವ ಹುಡುಗಿಯಾದಳು. ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಯಮನವ್ವನ ಮಗಳು. ಟೀವಿಯ ಯಾವುದೋ ಮರಾಠಿ ಧಾರಾವಾಹಿ ನೋಡಿ ಇಟ್ಟ ಹೆಸರು. ಗಂಟೆಯಂಥ ಧ್ವನಿ. ‘ಜೇನುಗೂಡು’ ಎಂಬ ಪಾಠವನ್ನು ಕೇಳಿ ಕೇಳಿ ಎರಡೇ ವಾರದಲ್ಲಿ ಒಪ್ಪಿಸಿದಳು. ಮಿಕ್ಕದ್ದನ್ನು ಅಂಬಾ ಕಲಿಸಿದಳು: ಸಾಲಿನ ಕೆಳಗೆ ಬೆರಳು ಹೇಗೆ ಸರಿಸಬೇಕು, ಉದ್ದನೆಯ ಶಬ್ದ ಬಂದಾಗ ತುಸು ತಡೆದಂತೆ ಹೇಗೆ ಮಾಡಬೇಕು, ಪುಟ ಮುಗಿದಾಗ ಬೆರಳಿಗೆ ಎಂಜಲು ಹಚ್ಚಿ ಹೇಗೆ ತಿರುವಬೇಕು. ಸಾಹೇಬರು ಮೆಚ್ಚಿ ‘ವಾ ವಾ, ಹುಶಾರ್ ಮುಲಗಿ’ ಎಂದು ಮರಾಠಿಯಲ್ಲಿ ಹೊಗಳಿ ಹೋದರು. ಹುಡುಗಿಗೆ ಅದು ಓದು ಅಲ್ಲ ಎಂದು ಯಾರೂ ಹೇಳಲಿಲ್ಲ. ಅದರ ಮಾರನೆಯ ದಿನದಿಂದ ಅಕ್ಷರ ಕಲಿಸಬೇಕೆಂದು ಅಂಬಾ ಅಂದುಕೊಂಡಿದ್ದಳು; ಮಾರನೆಯ ದಿನ ಆಧಾರ್ ನೋಂದಣಿ ಇತ್ತು, ಆಮೇಲೆ ಚುನಾವಣೆಯ ಕೆಲಸ ಇತ್ತು, ಆಮೇಲೆ ವಾರ್ಷಿಕೋತ್ಸವದ ಗ್ಯಾದರಿಂಗು. ಆಮೇಲೆ, ನಿಜ ಹೇಳಬೇಕೆಂದರೆ, ಏನೂ ಇರಲಿಲ್ಲ. ಆ ಧ್ವನಿ ಕೇಳುವಾಗ ತನ್ನ ತರಗತಿ ಓದುತ್ತಿದೆ ಎಂದು ಅವಳಿಗೇ ಅನ್ನಿಸತೊಡಗಿತ್ತು.

ಸಭೆಗೆ ಮೂರನೇ ಮತ್ತು ನಾಲ್ಕನೇ ಕೋಣೆಗಳ ನಡುವಿನ ಮರದ ತಡಿಕೆ ಸರಿಸಿದ್ದರು. ಟ್ರಸ್ಟಿನವರಿಗೆ ಕುರ್ಚಿ, ಪಾಲಕರಿಗೆ ಮಕ್ಕಳ ಬೆಂಚು. ಮೂಟೆ ಹೊರುವ ದೊಡ್ಡ ಮೈಯ ಗಂಡಸರು ಮೊಣಕಾಲು ಎದೆಗೆ ಸೇರಿಸಿ ಕೂತಿದ್ದರು. ಹೆಂಗಸರು ಬೆಂಚು ಬಿಟ್ಟು ನೆಲಕ್ಕೇ ಕೂತಿದ್ದರು, ಮಕ್ಕಳನ್ನು ಒತ್ತಿಗೆ ಇಟ್ಟುಕೊಂಡು. ಅಧ್ಯಕ್ಷ ಮಹಾಲಿಂಗ ಶೆಟ್ಟರು ತಮ್ಮ ಹೋಟೆಲಿನಿಂದ ಎಲ್ಲರಿಗೂ ಗೋಳಿಬಜೆ ತರಿಸಿದ್ದರು. ಪ್ರಲ್ಹಾದರಾಯರು ಕನ್ನಡಕ ಏರಿಸಿ ಭಾಷಣದ ಹಾಳೆ ಬಿಡಿಸಿದರು. ಅಂಬಾ ನಿಂತಲ್ಲಿಂದ ಆ ಹಾಳೆ ಕಾಣುತ್ತಿತ್ತು: ಕನ್ನಡದ ಮಾತುಗಳು, ದೇವನಾಗರಿ ಅಕ್ಷರಗಳು. ಕಾಕಾ ಪುಣೆಯಲ್ಲೇ ಹುಟ್ಟಿ ಮರಾಠಿಯಲ್ಲಿ ಓದಿದವರು. ಮನೆಯಲ್ಲಿ ಅಚ್ಚ ಧಾರವಾಡ ಕನ್ನಡ, ಆದರೆ ಲಿಪಿ ಬಾರದು. ಅದು ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಸಂಗತಿ. ‘ಪಾಲಕ ಬಂಧುಗಳೇ’ ಎಂದು ಅವರು ಸುರು ಮಾಡಿ, ಸಂಖ್ಯೆ ಇಳಿದದ್ದು, ಅನುದಾನ ಇಳಿಯುವುದು, ಮಕ್ಕಳ ಮಟ್ಟ ಇಳಿದದ್ದು ಎಲ್ಲ ಹೇಳಿದರು. ಇಳಿ, ಇಳಿ ಎಂಬುದೇ ಅಂಬಾಳ ಕಿವಿಯಲ್ಲಿ ಉಳಿಯಿತು.

‘ಮ್ಯಾಲಿನ ಸಾಲಿಗೆ ನಮ್ಮ ಹುಡುಗರ್ನ ತೊಗೋರಿ ಮತ್ತ,’ ಎಂದ ಹಿಂದಿನಿಂದ ಹಮಾಲ ಮಾಂತು. ‘ಅದs ಮೆಟ್ಟಲಾ, ಅದs ಗೇಟು.’

‘ಬರ್ರಿ, ಯಾರು ಬ್ಯಾಡಂದ್ರು?’ ಎಂದರು ಕಾಕಾ. ‘ಫೀ ತುಂಬಬೇಕಾಗ್ತದ ಅಷ್ಟs.’

‘ಹಂಗಂದ್ರ ಮೆಟ್ಟಲಾ ಅಷ್ಟs ಧರ್ಮದ್ದು ಅನ್ರಿ.’

ಬೆಂಚುಗಳಲ್ಲಿ ನಗು ಹರಿಯಿತು. ಕಾಕಾರೂ ನಕ್ಕರು, ನಕ್ಕು ಕೆಂಪಗಾದರು. ಶೆಟ್ಟರು ಮಾತ್ರ ಕಿಟಕಿಯಾಚೆ ನೋಡುತ್ತ, ‘ಅವ ಹೇಳುದರಲ್ಲಿ ಏನೂ ತಪ್ಪಿಲ್ಲ’ ಎಂದು ಯಾರಿಗೂ ಅಲ್ಲದಂತೆ ಅಂದರು.

‘ತಪ್ಪು ಒಪ್ಪು ಆಮ್ಯಾಲೆ ನೋಡೂಣು,’ ಎಂದರು ಕಾಕಾ. ‘ನಿಮ್ಮ ಮಕ್ಕಳು ಇಲ್ಲೆ ಏನು ಕಲೀಲಿಕ್ಕತ್ತಾರ ಅನ್ನೂದು ನೀವs ನೋಡ್ರಿ. ಐದನೇ ಇಯತ್ತೆಯ ಒಂದು ಹುಡುಗ ಈಗ ಓದ್ತಾನ. ಅಂಬಾ, ಯಾರನ್ನ ಆರಿಸೀ?’

ಅವಳು ಯಾರನ್ನೂ ಆರಿಸಿರಲಿಲ್ಲ. ಬೆಳಗಿನಿಂದ ಪ್ರತಿ ಮುಖವನ್ನೂ ಮನಸ್ಸಿನಲ್ಲಿ ಎಬ್ಬಿಸಿ ನಿಲ್ಲಿಸಿ, ಮತ್ತೆ ಕೂರಿಸಿದ್ದಳು. ಯಾರನ್ನು ಎಬ್ಬಿಸಿದರೂ ಅಪ್ಪನೆದುರಿಗೆ, ಅವ್ವನೆದುರಿಗೆ, ಕ್ಷೌರದಂಗಡಿಯ ಮುಂದೆ ನಿಲ್ಲಿಸಿದಂತೆ. ಅವಳ ಕಣ್ಣು ಮಕ್ಕಳ ಮೇಲೆ ಸುತ್ತಾಡಿತು. ನೆಲದ ಮೇಲಿನ ಸಾಲಿನಿಂದ ಯಮನವ್ವ ಸೆರಗು ಸರಿಮಾಡಿಕೊಂಡು ಎದ್ದಳು.

‘ಅಕ್ಕೋರು ಯಾಕ ಹುಡುಕ್ಯಾಡ್ತಾರ್ರಿ? ನಮ್ಮ ಸಾಯಲಿನ್ನ ಎಬ್ಬಸ್ರಿ. ಸಾಹೇಬ್ರು ಬಂದಾಗ ಆಕೀನs ಓದಿದ್ಲು. ರೇಡಿಯೋದಾಗ ಓದಿಧಂಗ ಓದ್ತಾಳ. ನಾ ರಾಶಿ ಮುಂದ ಕುಂತು ಎಲ್ಲಾರಿಗೂ ಹೇಳೀನಿ, ನನ್ನ ಮಗಳು ಓದ್ತಾಳ ಅಂತ. ಆಕಿ ಓದಲಿಲ್ಲಂದ್ರ ಮೊದ್ಲ ಕೈ ನಾನs ಎತ್ತತೀನಿ, ಮುಚ್ಚಿಬಿಡ್ರಿ.’

ಕಾಕಾರಿಗೆ ಇದಕ್ಕಿಂತ ನ್ಯಾಯವಾದ ಮಾತು ಬೇಕಿರಲಿಲ್ಲ. ‘ಬರ್ಲಿ’ ಎಂದರು. ಸಾಯಲಿ ಆಗಲೇ ಎದ್ದು, ಎರಡು ಜಡೆಗಳನ್ನು ಮುಂದೆ ಹಾಕಿಕೊಂಡು, ಸಾಹೇಬರೆದುರು ನಿಂತಂತೆಯೇ ಮೇಜಿನ ಹತ್ತಿರ ಬಂದು ನಿಂತಳು. ಅವಳಲ್ಲಿ ಭಯದ ಸುಳಿವೂ ಇರಲಿಲ್ಲ. ಹೊಸ ಪುಸ್ತಕ ಕೊಟ್ಟರೆ ಈ ಹುಡುಗಿಗೆ ಈಗ, ಎಲ್ಲರೆದುರು, ತನಗೆ ಓದಲು ಬರುವುದಿಲ್ಲ ಎಂಬುದು ಮೊದಲ ಸಲ ಗೊತ್ತಾಗುತ್ತದೆ. ಅದು ನಿಜ. ನಿಜವನ್ನು ತಿಳಿಸುವುದೇ ಮೇಷ್ಟರ ಕೆಲಸವಲ್ಲವೆ? ಹೌದು, ಆದರೆ ವರ್ಷವಿಡೀ ತಿಳಿಸದೆ, ಇವತ್ತು, ಶಾಲೆ ಮುಚ್ಚುವುದಕ್ಕೆ ಬೇಕೆಂದು ತಿಳಿಸಬೇಕೆ? ಹಾಗಾದರೆ ಹಳೆಯದನ್ನು ಕೊಡು, ಶಾಲೆ ಉಳಿಯುತ್ತದೆ. ಯಾವ ಶಾಲೆ? ಓದಲು ಕಲಿಸದ ಶಾಲೆ. ಉಳಿಸುವುದು ಯಾರನ್ನು, ಹುಡುಗಿಯನ್ನೋ, ನಿನ್ನ ಮಾನವನ್ನೋ? ಚೀಲದೊಳಗೆ ಹೋದ ಕೈಗೆ ಎರಡೂ ಪುಸ್ತಕಗಳು ಸಿಕ್ಕವು. ಪಠ್ಯದ ಮೂಲೆಗಳು ಮೆತ್ತಗಾಗಿದ್ದವು, ಕಥೆಯ ಪುಸ್ತಕದ್ದು ಚೂಪಾಗಿದ್ದವು. ಕೈ ಮೆತ್ತಗಿದ್ದುದನ್ನು ಹಿಡಿದು ಹೊರಗೆ ಬಂತು. ಆಮೇಲೆ ಅವಳು ಎಷ್ಟು ನೆನೆಸಿಕೊಂಡರೂ ಆ ಕ್ಷಣದಲ್ಲಿ ಯೋಚನೆ ಮುಗಿದಿತ್ತೆ, ಇಲ್ಲವೆ ಎಂಬುದು ನೆನಪಾಗಲಿಲ್ಲ.

ಅವಸರದಲ್ಲಿ ಪುಸ್ತಕ ಎಲ್ಲೋ ತೆರೆದುಕೊಂಡಿತು. ನೋಡಿಕೊಳ್ಳುವ ಮೊದಲೇ ಸಾಯಲಿ ಅದನ್ನು ತೆಗೆದುಕೊಂಡು ಬೆರಳಿಟ್ಟು ಸುರು ಮಾಡಿಬಿಟ್ಟಳು. ‘ಹಳೆಯ ಆಲದ ಮರದ ಕೊಂಬೆಯಲ್ಲಿ ಒಂದು ಜೇನುಗೂಡಿತ್ತು...’ ಕೋಣೆ ತುಂಬ ಗಂಟೆ ಬಾರಿಸಿದ ಹಾಗೆ. ಬೆಂಚುಗಳಲ್ಲಿ ಕಿಸಿಕಿಸಿ ನಿಂತಿತು. ಯಮನವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಕಾಕಾ ಕನ್ನಡಕ ತೆಗೆದು ಕೇಳತೊಡಗಿದರು. ಆಗ ಅಂಬಾಳ ಕಣ್ಣು ಪುಟದ ಮೇಲೆ ಬಿತ್ತು. ಅದು ಪದ್ಯದ ಪುಟ. ನಾಲ್ಕು ನಾಲ್ಕು ಸಾಲಿನ ಗುಂಪುಗಳು, ನಡುವೆ ಬಿಳಿ ಜಾಗ. ಹುಡುಗಿಯ ಬೆರಳು ಆ ಬಿಳಿ ಜಾಗದ ಮೇಲೂ ಸಾವಕಾಶ ಸರಿಯುತ್ತಿತ್ತು, ಉದ್ದ ಶಬ್ದ ಬಂದಲ್ಲಿ ಖಾಲಿ ಕಾಗದದ ಮೇಲೆ ತಡೆಯುತ್ತಿತ್ತು. ಶೆಟ್ಟರು ಕುರ್ಚಿಯಲ್ಲಿ ಮುಂದೆ ಬಾಗಿದ್ದರು. ಕುಂದಾಪುರದ ಹತ್ತಿರದ ಯಾವುದೋ ಶಾಲೆಯಲ್ಲಿ ಕೆಲವು ವರ್ಷ ಓದಿ, ಲೋಟ ತೊಳೆಯಲು ಪುಣೆಗೆ ಬಂದವರು. ಅವರಿಗೆ ಅಕ್ಷರ ಬರುತ್ತದೆ. ಅವರ ನೋಟ ಪುಟದ ಮೇಲೆ ನಿಂತಿತು, ಹುಡುಗಿಯ ಬೆರಳಿಗೆ ಹೋಯಿತು, ಅಲ್ಲಿಂದ ಅಂಬಾಳ ಕಡೆಗೆ ಬಂತು. ಅವಳು ಕಣ್ಣು ತಗ್ಗಿಸಲಿಲ್ಲ. ಈಗ ಹೇಳುತ್ತಾರೆ. ಹೇಳಿಬಿಡಲಿ. ಅದು ಮುಗಿದುಹೋಗಲಿ ಎಂಬ ಆಸೆ ಎಷ್ಟು ಬಲವಾಗಿತ್ತೆಂದರೆ ಅವಳ ಬಾಯಿ ತಾನಾಗಿ ತೆರೆಯಿತು. ಶೆಟ್ಟರು ಕೈ ಚಾಚಿ, ಗಿರಾಕಿಯ ಮುಂದಿನ ತಟ್ಟೆ ಸರಿಸುವಷ್ಟೇ ಸಹಜವಾಗಿ, ಒಂದೆರಡು ಪುಟ ಹಿಂದಕ್ಕೆ ಮಗುಚಿ, ಜೇನುಗೂಡಿನ ಚಿತ್ರವಿದ್ದ ಪುಟವನ್ನು ಹುಡುಗಿಯ ಮುಂದೆ ಬಿಚ್ಚಿಟ್ಟರು. ಸಾಯಲಿ ನಿಲ್ಲಿಸಲೇ ಇಲ್ಲ.

ಚಪ್ಪಾಳೆ ಮೊದಲು ಮಾಂತು ಹೊಡೆದ. ‘ಓದೂ ಸಾಲಿ ಯಾಕ ಮುಚ್ಚಬೇಕ್ರಿ?’ ಎಂದ. ಕಾಕಾ, ಮುಚ್ಚಲು ಸಭೆಗೆ ಒಪ್ಪಿಗೆ ಇದೆಯೇ, ಇದ್ದವರು ಕೈ ಎತ್ತಬೇಕು ಎಂದು ಹಾಳೆಯಲ್ಲಿದ್ದುದನ್ನು ಓದಿದರು. ಎತ್ತುವ ರೂಢಿಯವರೆಲ್ಲ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಯಮನವ್ವನ ಕಡೆ ನೋಡಿದರು. ಯಮನವ್ವ ಮಗಳ ಜಡೆ ಸರಿಮಾಡುತ್ತಿದ್ದಳು. ಐದು, ಆರು, ಏಳು ಉಳಿದವು. ಕಾಕಾ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು ಅಂಬಾಳ ಹತ್ತಿರ ಬಂದರು. ಅವರು ಸಿಟ್ಟಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

‘ಭಾಳ ಛಲೋ ಕಲಿಸೀದಿ ಅಂಬಾ. ನನಗ ಗೊತ್ತಿರಲಿಲ್ಲ. ಮುಂಜಾನೆ ಫೋನಿನಾಗ ಏನೇನೋ ಅಂದೆ, ಮನಸಿಗೆ ಹಚ್ಚಿಕೋಬ್ಯಾಡ.’

ಅವರ ಧ್ವನಿಯಲ್ಲಿ ನಾಚಿಕೆ ಇತ್ತು. ಅವಳು ‘ಹೂಂ ಕಾಕಾ’ ಎಂದಳು.

ಶೆಟ್ಟರು ಚಪ್ಪಲಿ ಮೆಟ್ಟುತ್ತ ಬಾಗಿಲಲ್ಲಿ ನಿಂತರು. ‘ಸ್ವರ ಒಳ್ಳೇದುಂಟು ಆ ಹುಡುಗಿದು,’ ಎಂದರು. ಆಮೇಲೆ ಇನ್ನಷ್ಟು ಮೆಲ್ಲಗೆ, ‘ಮುಂದಿನ ವರ್ಷ ಇದೇ ಸಭೆ ಉಂಟಲ್ಲ ಟೀಚರೇ? ಪುಸ್ತಕ ನಾನು ತರ್ತೇನೆ. ಹೋಟೆಲಿನ ಮೆನು ತಂದ್ರೂ ತಂದೆ.’ ಅವಳ ಉತ್ತರಕ್ಕೆ ಕಾಯದೆ, ಉಳಿದ ಗೋಳಿಬಜೆಯನ್ನು ಮಕ್ಕಳಿಗೆ ಕಟ್ಟಿಕೊಡಲು ಹೇಳುತ್ತ ಹೋದರು.

ಕೋಣೆ ಖಾಲಿಯಾಗುತ್ತ ಬಂದಾಗ ಯಮನವ್ವ ಅಂಬಾಳ ಎರಡೂ ಕೈ ಹಿಡಿದುಕೊಂಡಳು. ಅಂಗೈ ಒರಟಾಗಿತ್ತು, ಎಷ್ಟು ತೊಳೆದರೂ ಹೋಗದ ಉಳ್ಳಾಗಡ್ಡಿಯ ವಾಸನೆ. ‘ನಮ್ಮ ತಂಗೀ ಮಕ್ಕಳು ಇಬ್ರು ಊರಾಗ ಸುಮ್ನ ದನಾ ಕಾಯಾಕತ್ತಾವ್ರಿ ಅಕ್ಕೋರ. ಜೂನಕ್ಕ ಕರಸ್ತೀನಿ. ನಿಮ್ಮ ಕೈಯಾಗ ಕೊಟ್ರ ನನಗ ಚಿಂತಿಲ್ಲ.’

‘ಕರಸ್ರಿ,’ ಎಂದಳು ಅಂಬಾ. ಅದು ತನ್ನ ಬಾಯಿಂದ ಬಂದದ್ದೇ ಎಂದು ಅವಳಿಗೆ ಆಶ್ಚರ್ಯವಾಯಿತು. ಅದರ ಹಿಂದೆಯೇ ಇನ್ನೊಂದು ಮಾತೂ ಬಂತು: ‘ಸಾಯಲಿನ್ನ ಒಂದೀಟು ಇಲ್ಲೇ ಬಿಟ್ಟು ಹೋಗ್ರಿ. ಆಮ್ಯಾಲೆ ಕಳಸ್ತೀನಿ.’

‘ಯಾಕ್ರಿ, ಏನರ ತಪ್ಪಿತೇನು?’

‘ಆಕೀದು ತಪ್ಪಿಲ್ಲ.’

ಯಮನವ್ವ ನಕ್ಕು ಹೋದಳು. ಐದನೇ ಇಯತ್ತೆಯ ಕೋಣೆಯಲ್ಲಿ ಅಂಬಾ ಹುಡುಗಿಯನ್ನು ಮೇಜಿನ ಎದುರಿಗೆ ಕೂರಿಸಿಕೊಂಡು ಕಥೆಯ ಪುಸ್ತಕ ತೆರೆದಳು. ಮೊದಲನೆಯ ಶಬ್ದದ ಕೆಳಗೆ ಬೆರಳಿಟ್ಟಳು. ‘ಇದನ್ನ ಓದು.’ ಸಾಯಲಿ ಬೆರಳಿದ್ದಲ್ಲಿ ನೋಡಲಿಲ್ಲ, ಅಂಬಾಳ ಮುಖ ನೋಡಿದಳು. ‘ಮ,’ ಎಂದಳು. ಅಂಬಾಳ ಹುಬ್ಬು ಒಂದಿಷ್ಟು ಅಲುಗಿರಬೇಕು. ‘ಅಲ್ಲ, ಬ,’ ಎಂದಳು ಹುಡುಗಿ, ಹುಬ್ಬು ಸಡಿಲವಾದದ್ದನ್ನು ಕಂಡು ಹಲ್ಲು ಬಿಟ್ಟು ನಕ್ಕಳು. ಮುಂದಿನ ಅಕ್ಷರಕ್ಕೂ ಹಾಗೆಯೇ, ಒಂದು ಹೇಳಿ, ನೋಡಿ, ಇನ್ನೊಂದು ಹೇಳಿ. ಎಷ್ಟು ಜಾಣೆ ಎಂದುಕೊಂಡಳು ಅಂಬಾ. ವರ್ಷವಿಡೀ ಇವಳು ಬಿಡದೆ ಓದುತ್ತಿದ್ದ ಪುಟ ತನ್ನ ಮುಖ. ಅಲ್ಲಿ ಸಿಕ್ಕಿದ್ದನ್ನೆಲ್ಲ ಓದಿಬಿಟ್ಟಿದ್ದಳು, ಅಲ್ಲಿ ಇರಲಾರದ ಅಕ್ಷರವೊಂದೇ ಬಾಕಿ.

ಅವಳು ಪುಸ್ತಕವನ್ನು ಹುಡುಗಿಯ ಕಡೆ ದೂಡಿದಳು. ಎದ್ದು ಕುರ್ಚಿಯನ್ನು ತಿರುಗಿಸಿ, ಸಾಯಲಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತಳು. ‘ಈಗ ಹೇಳು.’

‘ಅಕ್ಕೋರ, ಹಿಂಗ್ಯಾಕ ಕುಂತ್ರಿ?’

ಗೋಡೆಯ ಸುಣ್ಣದಲ್ಲಿ ಎಳೆಯಂಥ ಬಿರುಕು; ಅಂಬಾ ಅದನ್ನೇ ನೋಡುತ್ತ ಕೂತಳು. ತಿರುಗಬೇಕು ಎನ್ನಿಸಿತು, ಕತ್ತು ನೋಯುವಷ್ಟು ಎನ್ನಿಸಿತು. ಹುಡುಗಿ ಅಳುತ್ತಿರಬಹುದೆ. ಎದ್ದು ಹೋಗಿರಬಹುದೆ. ಒಂದು ಸಲ ‘ಹಳೆಯ ಆಲದ ಮರದ’ ಎಂದು ಧ್ವನಿ ಏರಿ ತಾನೇ ನಿಂತುಹೋಯಿತು. ಆಮೇಲೆ ಕಾಗದದ ಮೇಲೆ ಬೆರಳು ಸರಿಯುವ ಸದ್ದು ಬಂತು, ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ನಿಂತಿತು. ಬಹಳ ಹೊತ್ತಿನ ಮೇಲೆ, ಆ ಗಂಟೆಯಂಥ ಧ್ವನಿಯಲ್ಲಲ್ಲ, ಸಣ್ಣದಾದ, ಒಡೆದ, ಅಂಬಾ ಎಂದೂ ಕೇಳಿರದ ಒಂದು ಧ್ವನಿಯಲ್ಲಿ ಸಾಯಲಿ ಕೇಳಿದಳು:

‘ಅಕ್ಕೋರ, ಇದು ಯಾವ ಅಕ್ಷರ್ರೀ?’